ಉಪ್ಪುನೀರಿನ ತೊಟ್ಟಿಗೆ ಹೆಪ್ಪು

ಕಳೆದ ವರ್ಷ ನವೆಂಬರಿನಲ್ಲಿ, ರಾಜ್ಯೋತ್ಸವದ ನೃತ್ಯದ ತಾಲೀಮಿಗೆಂದು ಮಕ್ಕಳನ್ನು ಕರೆದುಕೊಂಡು ಖಲೀಫಾ ಸಿಟಿಯ ನಮ್ಮ ಮನೆಗೆ ಬಂದವರೆಲ್ಲರೂ ಕೇಳಿದ ಪ್ರಶ್ನೆ ಒಂದೇ: "ಮೀನೆಲ್ಲಿ?" ನಡುಮನೆಯ ಗೋಡೆಗೆ ಒತ್ತಿ ಮೂರೂಕಾಲು ಅಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಬಿಳಿಯ ಮರಳು, ನಾಲ್ಕಾರು ಕಲ್ಲು, ಸ್ಫಟಿಕದಂಥ ನೀರು. ಪಂಪು ಗುಂಯ್‌ಗುಡುತ್ತಿದೆ, ದೀಪ ಉರಿಯುತ್ತಿದೆ, ಮೀನು ಮಾತ್ರ ಒಂದೂ ಇಲ್ಲ. "ತೊಟ್ಟಿ ಇನ್ನೂ ಸಿದ್ಧವಾಗಿಲ್ಲ" ಎಂದು ನಾವು ಹೇಳಿದರೆ, ಕಣ್ಣೆದುರಿಗೇ ಸಿದ್ಧವಾಗಿ ಕುಳಿತ ತೊಟ್ಟಿಯನ್ನು ನೋಡಿ ಅವರಿಗೆ ನಗು. ಹೀಗೆ ಮೀನಿಲ್ಲದ ಉಪ್ಪುನೀರನ್ನು ನಾವು ಮೂವತ್ತೆಂಟು ದಿನ ಕಾದೆವು. ಅದಕ್ಕೂ ಮೊದಲು ಕಾಯದೆ ಕೆಟ್ಟ ಕಥೆ ಒಂದಿದೆ. ಮಕ್ಕಳ ಹಟಕ್ಕೆ ಮಣಿದು ತೊಟ್ಟಿ ತರುವ ಮನೆಗಳು ನಮ್ಮವರಲ್ಲಿ ಹೆಚ್ಚುತ್ತಿವೆ, ಎರಡು ಕಥೆಯನ್ನೂ ಬರೆದುಕೊಡಿ ಎಂದು ಸಂಪಾದಕರು ಒತ್ತಾಯಿಸಿದ್ದರಿಂದ ಈ ಲೇಖನ.

ನಮ್ಮ ಮನೆಯಲ್ಲಿ ಹಟ ಹುಟ್ಟಿದ್ದು ಅಲ್ ಕಾನಾದಲ್ಲಿ. 2021ರಲ್ಲಿ ಅಲ್ಲಿ ತೆರೆದ ನ್ಯಾಷನಲ್ ಅಕ್ವೇರಿಯಂ ಅನ್ನು ಊರಿನಿಂದ ಬಂದಿದ್ದ ಅತ್ತೆಯವರಿಗೆ ತೋರಿಸಲೆಂದು ಹೋಗಿದ್ದೆವು. ಅತ್ತೆಯವರು ಸಾಗರದವರು. ಊರಿನ ಹೆಸರು ಸಾಗರವಾದರೂ ಸಮುದ್ರಕ್ಕೂ ಅದಕ್ಕೂ ನಡುವೆ ಇಡೀ ಘಟ್ಟವಿದೆ. ಅವರಿಗೆ ಮೀನೆಂದರೆ ದೇವಸ್ಥಾನದ ಹೊಳೆಯಲ್ಲಿ ಮಂಡಕ್ಕಿ ಹಾಕಿಸಿಕೊಳ್ಳುವ ಪ್ರಾಣಿ. ಏಳು ವರ್ಷದ ನಮ್ಮ ಮಗ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಮೀನಿನ ಮುಂದೆ ನಿಂತವನು ಕದಲಲಿಲ್ಲ. 2003ರಲ್ಲಿ ಬಂದ ಚಲನಚಿತ್ರದ ಪ್ರಭಾವದಿಂದ ಮಕ್ಕಳೆಲ್ಲರಿಗೂ ಆ ಮೀನು ನೀಮೋ. "ನಮ್ಮನೇಗೂ ನೀಮೋ ಬೇಕು" ಎಂಬಲ್ಲಿಗೆ ಆ ಸಂಜೆ ಮುಗಿಯಿತು. ಎರಡು ವಾರದಲ್ಲಿ ತೊಟ್ಟಿ ಮನೆಗೆ ಬಂತು.

ಅಬುಧಾಬಿಯಲ್ಲಿ ಉಪ್ಪುನೀರು ಮಾಡುವುದೇ ಒಂದು ವಿನೋದ. ನಮ್ಮ ನಲ್ಲಿಯಲ್ಲಿ ಬರುವುದು ಮೂಲದಲ್ಲಿ ಸಮುದ್ರದ ನೀರು. ತವೀಲಾದಂಥ ಭಾರಿ ಸ್ಥಾವರಗಳಲ್ಲಿ ಅಷ್ಟು ಶ್ರಮಪಟ್ಟು ಅದರಿಂದ ಉಪ್ಪು ತೆಗೆಯುತ್ತಾರೆ. ಆ ನೀರನ್ನು ಮನೆಗೆ ತಂದು, ಇನ್ನೊಂದು ಸಲ ಸೋಸಿ, ನಾವು ದುಡ್ಡು ಕೊಟ್ಟು ಉಪ್ಪು ಸುರಿಯುತ್ತೇವೆ. ಲೀಟರಿಗೆ 35 ಗ್ರಾಂ, ಅಂದರೆ 200 ಲೀಟರಿಗೆ ಏಳು ಕಿಲೋ. ಹಾಗಾದರೆ ಸಮುದ್ರದಿಂದಲೇ ಎರಡು ಕ್ಯಾನು ನೀರು ತರಬಾರದೆ ಎಂದು ನಮ್ಮವರು ಕೇಳಿದರು. ಬಿಸಿಲಿಗೆ ಆರಿ ಆರಿ ಈ ಕೊಲ್ಲಿಯ ನೀರು ತುಂಬ ಉಪ್ಪು. ಅಬುಧಾಬಿ ತೀರದಲ್ಲಿ ಅದು ಲೀಟರಿಗೆ 40 ಗ್ರಾಂ ದಾಟುತ್ತದೆ. ಅಂಗಡಿಯ ಮೀನುಗಳ ಪೈಕಿ ಬಹುಪಾಲು ಬೇರೆ ಸಮುದ್ರದವು, ಇಲ್ಲವೇ ತೊಟ್ಟಿಯಲ್ಲೇ ಹುಟ್ಟಿದವು. ದಡದ ನೀರಿನಲ್ಲಿ ಇನ್ನೇನೇನು ಬೆರೆತಿರುತ್ತದೋ ಹೇಳಲಾಗದು. ಆದ್ದರಿಂದ ಪೊಟ್ಟಣದ ಉಪ್ಪೇ ಮೇಲು.

ಮರಳು ಹಾಕಿ, ಉಪ್ಪು ಕರಗಿಸಿ, ಪಂಪು ಹಚ್ಚಿದ ಮೂರನೆಯ ದಿನಕ್ಕೆ ನೀರು ತಿಳಿಯಾಯಿತು. ಇನ್ನೇನು ಬೇಕು? ಅದೇ ಸಂಜೆ ಐದು ಮೀನು ತಂದೆವು: ಕ್ಲೌನ್ ಎರಡು, ನೀಲಿ ಡ್ಯಾಮ್ಸೆಲ್ ಮೂರು. ಮಗ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಚಿಟಿಕೆ ಆಹಾರ ಹಾಕಿದ. ಅವನು ಹಾಕಿದ್ದು ತಿಳಿಯದೆ ಅಜ್ಜಿ ಮಧ್ಯಾಹ್ನ ಹಾಕಿದರು. ಸಂಜೆ ನಮ್ಮವರು ಹಾಕಿದರು. ರಾತ್ರಿ ಎಲ್ಲರೂ ಸೇರಿ ನೋಡುವಾಗ, ಪಾಪ ಬಾಯಿ ಬಿಡುತ್ತಿವೆ ಎಂದು ಇನ್ನೊಂದು ಸಲ. ಐದನೆಯ ದಿನ ಒಂದು ಡ್ಯಾಮ್ಸೆಲ್ ಮರಳಿನ ಮೇಲೆ ಒರಗಿತ್ತು. ಮರುದಿನ ಇನ್ನೊಂದು ಡ್ಯಾಮ್ಸೆಲ್, ಅದರ ಜೊತೆಗೆ ಕ್ಲೌನ್ ಜೋಡಿಯಲ್ಲಿ ಒಂದು.

ಮಗ ಅಳಲಿಲ್ಲ. ಗಾಜಿಗೆ ಮೂಗು ಒತ್ತಿ ನಿಂತು ಕೇಳಿದ: "ನೀರು ಕ್ಲೀನಾಗಿದೆಯಲ್ಲಮ್ಮಾ, ಮತ್ಯಾಕೆ ಸತ್ತೋಯ್ತು?"

ರಸಾಯನಶಾಸ್ತ್ರದಲ್ಲಿ ಡಾಕ್ಟರೇಟು ಪಡೆದು, ಕೆಲಸದಲ್ಲಿ ದಿನವಿಡೀ ನೀರಿನಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲು ಏನಿದೆ ಎಂದು ಹುಡುಕುವವರು ನಾವು. ಮನೆಯ ತೊಟ್ಟಿಯ ನೀರನ್ನು ಮಾತ್ರ ಕಣ್ಣಿನಿಂದ ಅಳೆದಿದ್ದೆವು. ಆ ರಾತ್ರಿಯೇ ಅಮೋನಿಯ ಪರೀಕ್ಷೆಯ ಕಿಟ್ಟು ತಂದು ನೋಡಿದೆವು. ಹಳದಿ ಇರಬೇಕಾದ ದ್ರಾವಣ ಕಡು ಹಸಿರಾಯಿತು. ಲೀಟರಿಗೆ 2 ಮಿಲಿಗ್ರಾಂ. ಉಳಿದ ಎರಡು ಮೀನುಗಳನ್ನು ಮುಚ್ಚಳದ ಬಕೆಟ್ಟಿನಲ್ಲಿಟ್ಟುಕೊಂಡು, ಮೂರು ವರ್ಷದಿಂದ ತೊಟ್ಟಿ ನಡೆಸುತ್ತಿರುವ ಮುಸಫ್ಫದ ಸ್ನೇಹಿತರ ಮನೆಗೆ ರಾತ್ರಿ ಹತ್ತಕ್ಕೆ ಓಡಿದೆವು. ಅವೆರಡು ಬದುಕಿಕೊಂಡವು.

ಎಲ್ಲಿಂದ ಬಂತು ಈ ಅಮೋನಿಯ? ಕೊಟ್ಟಿಗೆಯಲ್ಲಿ ಬೆಳಗಿನ ಹೊತ್ತು ಮೂಗಿಗೆ ಅಡರುವ ಆ ಘಾಟು ನಮ್ಮಲ್ಲಿ ಬಹಳ ಜನರಿಗೆ ಪರಿಚಿತ. ಅದೇ ವಸ್ತು ಇದು. ನಾವು ತಿಂದ ಪ್ರೋಟೀನಿನ ಸಾರಜನಕವನ್ನು ನಮ್ಮ ದೇಹ ಯೂರಿಯ ಮಾಡಿ ಹೊರಹಾಕುತ್ತದೆ. ಮೀನಿಗೆ ಅಷ್ಟು ತಾಪತ್ರಯವಿಲ್ಲ. ಅದು ನೇರವಾಗಿ ಅಮೋನಿಯವನ್ನೇ ಮುಖ್ಯವಾಗಿ ಕಿವಿರುಗಳ ಮೂಲಕ ನೀರಿಗೆ ಬಿಟ್ಟುಬಿಡುತ್ತದೆ. ಸಮುದ್ರದಲ್ಲಿ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಇನ್ನೂರು ಲೀಟರಿನಲ್ಲಿ ಸಿಗುತ್ತದೆ. ಲೆಕ್ಕ ಹಾಕಿ ನೋಡಿ: ನೂರಕ್ಕೆ ನಲವತ್ತು ಪ್ರೋಟೀನಿರುವ ಒಣ ಆಹಾರ ಒಂದು ಗ್ರಾಂ ಎಂದರೆ ಸುಮಾರು 64 ಮಿಲಿಗ್ರಾಂ ಸಾರಜನಕ. ಅದಷ್ಟೂ, ತಿಂದು ಹೊರಬಂದೋ ತಿನ್ನದೆ ಕೊಳೆತೋ, ಅಮೋನಿಯವಾದರೆ 78 ಮಿಲಿಗ್ರಾಂ. ನಮ್ಮ ತೊಟ್ಟಿಯಲ್ಲಿ ಅದು ಲೀಟರಿಗೆ 0.4 ಮಿಲಿಗ್ರಾಂ. ನಾಲ್ಕು ಜನ ಪ್ರೀತಿಯಿಂದ ಹಾಕಿದ ಚಿಟಿಕೆಗಳು ದಿನಕ್ಕೆ ಒಂದು ಗ್ರಾಮಿಗೂ ಮೇಲಿದ್ದವು. ಐದು ದಿನಕ್ಕೆ ಎರಡು ಮಿಲಿಗ್ರಾಂ ಆಗದೆ ಇನ್ನೇನಾದೀತು!

ಬೆಂಗಳೂರಿನಲ್ಲಿ ಬಾಲ್ಯದಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಗಪ್ಪಿ ಮೀನು ಸಾಕಿದವರಿಗೆ ಇದು ಅತಿಶಯೋಕ್ತಿ ಎನ್ನಿಸಬಹುದು. ಅಲ್ಲಿ ಇಷ್ಟು ಬೇಗ ಸಾಯುತ್ತಿರಲಿಲ್ಲವಲ್ಲ? ವ್ಯತ್ಯಾಸವಿರುವುದು ನೀರಿನ ಕ್ಷಾರತೆಯಲ್ಲಿ. ಅಮೋನಿಯಕ್ಕೆ ಎರಡು ವೇಷ. ಒಂದು ವಿದ್ಯುದಂಶ ಹೊತ್ತ ಅಮೋನಿಯಂ. ಇದು ಕಿವಿರಿನ ಪೊರೆಯನ್ನು ಸುಲಭವಾಗಿ ದಾಟದು, ಉಪದ್ರವ ಕಡಿಮೆ. ಇನ್ನೊಂದು ಬರಿಯ ಅಮೋನಿಯ. ಇದು ನುಸುಳಿ ಒಳಹೋಗುವ ವಿಷ. ಪಿಎಚ್ 7ರ ಸಿಹಿನೀರಿನಲ್ಲಿ ಎರಡನೆಯ ವೇಷದ್ದು ನೂರರಲ್ಲಿ ಅರ್ಧ ಪಾಲು ಮಾತ್ರ. ಸಮುದ್ರದ ನೀರಿನ ಪಿಎಚ್ ಸುಮಾರು 8.2, ಅಲ್ಲಿ ಅದು ನೂರಕ್ಕೆ ಐದನ್ನೂ ದಾಟುತ್ತದೆ. ಒಂದೇ ಪ್ರಮಾಣದ ಹೊಲಸು, ಹತ್ತು ಪಟ್ಟು ಪೆಟ್ಟು. ಈ ಎರಡು ವೇಷದಲ್ಲಿ ಯಾವುದಕ್ಕೂ ಬಣ್ಣವಿಲ್ಲ. ಇಷ್ಟು ಸಣ್ಣ ಪ್ರಮಾಣದಲ್ಲಿ ವಾಸನೆಯೂ ಇಲ್ಲ. ಮಗನ ಪ್ರಶ್ನೆಗೆ ಉತ್ತರ ಇದು: ತಿಳಿಯಾದ ನೀರು ಬೇರೆ, ಹದವಾದ ನೀರು ಬೇರೆ.

ಹದ ಮಾಡುವವರು ಯಾರು ಎಂಬುದನ್ನು ಜಗತ್ತಿಗೆ ಮೊದಲು ತೋರಿಸಿದ್ದು ಫ್ರಾನ್ಸಿನ ಇಬ್ಬರು, ಷ್ಲೊಸಿಂಗ್ ಮತ್ತು ಮ್ಯೂಂಟ್ಸ್, 1877ರಲ್ಲಿ. ಅವರ ಪ್ರಯೋಗವನ್ನು ಓದಿದಾಗಲೆಲ್ಲ ನಮಗೆ ಅದೊಂದು ಅಕ್ವೇರಿಯಮ್ಮಿನ ದಿನಚರಿಯಂತೆಯೇ ಕಾಣುತ್ತದೆ. ಉದ್ದದ ಗಾಜಿನ ಕೊಳವೆಯಲ್ಲಿ ಮರಳು, ಸುಣ್ಣಕಲ್ಲಿನ ಪುಡಿ ತುಂಬಿ, ಮೇಲಿನಿಂದ ಚರಂಡಿ ನೀರನ್ನು ನಿಧಾನವಾಗಿ ಇಳಿಬಿಟ್ಟರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಮೇಲೆ ಸುರಿದ ಅಮೋನಿಯವೇ ಕೆಳಗೆ ಬಂತು. ಆಮೇಲೆ ಇದ್ದಕ್ಕಿದ್ದಂತೆ ಅಮೋನಿಯ ಕಡಿಮೆಯಾಗಿ ನೈಟ್ರೇಟು ಬರತೊಡಗಿತು. ಇದು ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಆಗಬೇಕಿತ್ತು. ಕೊಳವೆಗೆ ಕ್ಲೋರೋಫಾರ್ಮಿನ ಆವಿ ಹಾಯಿಸಿದರು; ನೈಟ್ರೇಟು ನಿಂತಿತು. ಕ್ಲೋರೋಫಾರ್ಮು ಹೋದಮೇಲೂ ತಾನಾಗಿ ಶುರುವಾಗಲಿಲ್ಲ. ತೋಟದ ಮಣ್ಣು ತೊಳೆದ ನೀರನ್ನು ಸ್ವಲ್ಪ ಹಾಕಿದಾಗ ಮತ್ತೆ ಶುರುವಾಯಿತು. ಅಂದರೆ ಅಲ್ಲಿ ಕೆಲಸ ಮಾಡುತ್ತಿದ್ದದ್ದು ಜೀವಿಗಳು.

ಆ ಜೀವಿಗಳನ್ನು ಬೇರ್ಪಡಿಸಿದ ಕೀರ್ತಿ ರಷ್ಯದ ಸೆರ್ಗೈ ವಿನೋಗ್ರಾದ್ಸ್ಕಿಯದು, 1890ರಲ್ಲಿ, ಜ್ಯೂರಿಕ್‌ನಲ್ಲಿ. ಉಳಿದವರು ಏಕಾಣುಜೀವಿಗಳಿಗೆ ಪುಷ್ಕಳವಾಗಿ ಜೈವಿಕ ಆಹಾರ ಕೊಟ್ಟು ಬೆಳೆಸಲು ನೋಡಿ ಸೋತಿದ್ದರು. ವಿನೋಗ್ರಾದ್ಸ್ಕಿ ಆ ಊಟವನ್ನೇ ತೆಗೆದುಬಿಟ್ಟ. ಇವು ಅಮೋನಿಯವನ್ನು ಆಮ್ಲಜನಕದೊಡನೆ ಕೂಡಿಸಿ ಅದರಿಂದ ಸಿಗುವ ಅಲ್ಪ ಶಕ್ತಿಯಲ್ಲೇ, ನೀರಿನಲ್ಲಿ ಕರಗಿದ ಇಂಗಾಲಾಮ್ಲದಿಂದ ಮೈ ಕಟ್ಟಿಕೊಳ್ಳುವ ಬಡ ಸಂಸಾರಿಗಳು. ಸಾಮಾನ್ಯ ಬ್ಯಾಕ್ಟೀರಿಯ ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದೆ. ಇವಕ್ಕೆ ಅದೇ ಕೆಲಸಕ್ಕೆ ಹತ್ತಾರು ಗಂಟೆ ಬೇಕು. ತೊಟ್ಟಿ ಹದಕ್ಕೆ ಬರಲು ವಾರಗಟ್ಟಲೆ ಹಿಡಿಯುವುದರ ಗುಟ್ಟು ಇಷ್ಟೆ. ಎಷ್ಟು ದುಡ್ಡಿನ ಫಿಲ್ಟರು ತಂದರೂ ಅದು ಇವುಗಳಿಗೆ ಕಟ್ಟಿಕೊಟ್ಟ ಮನೆ ಮಾತ್ರ. ಒಕ್ಕಲು ಬರಬೇಕಾದವರು ಅವರೇ.

ಒಂದು ತಂಡ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ತಂಡ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನಾವು ಕಾಲೇಜಿನಲ್ಲಿ ನೈಟ್ರೋಸೊಮೋನಾಸ್, ನೈಟ್ರೋಬ್ಯಾಕ್ಟರ್ ಎಂದು ಎರಡೇ ಹೆಸರು ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದ್ದೆವು. ಸಂಸಾರ ಅದಕ್ಕಿಂತ ದೊಡ್ಡದು. ಅಕ್ವೇರಿಯಮ್ಮುಗಳಲ್ಲಿ ಎರಡನೆಯ ಹಂತದ ಮುಖ್ಯ ಕೆಲಸಗಾರರು ನೈಟ್ರೋಸ್ಪೈರಾ ಎಂಬ ಬೇರೆಯೇ ಕುಲದವರೆಂದು 1990ರ ದಶಕದ ಕೊನೆಯಲ್ಲಿ ತಿಳಿಯಿತು. 2005ರಲ್ಲಿ ಇನ್ನೂ ದೊಡ್ಡ ಆಶ್ಚರ್ಯ: ಅಮೆರಿಕದ ಸಿಯಾಟಲ್ ಅಕ್ವೇರಿಯಮ್ಮಿನ ಉಪ್ಪುನೀರಿನ ತೊಟ್ಟಿಯೊಂದರ ಜಲ್ಲಿಯಲ್ಲಿ ಅಮೋನಿಯ ಉಣ್ಣುವ ಹೊಸ ಜೀವಿ ಸಿಕ್ಕಿತು. ಅದು ಬ್ಯಾಕ್ಟೀರಿಯವೇ ಅಲ್ಲ, ಆರ್ಕಿಯ ಎಂಬ ಬೇರೆ ವರ್ಗ. ನೈಟ್ರೋಸೋಪ್ಯುಮಿಲಸ್ ಮ್ಯಾರಿಟಿಮಸ್ ಎಂದು ಹೆಸರಾಯಿತು. ಇದರ ನೆಂಟರು ಮಹಾಸಾಗರಗಳ ತುಂಬ ಇದ್ದಾರೆ. ಸಮುದ್ರವನ್ನೇ ತಿದ್ದುವವರ ವಿಳಾಸ ಸಿಕ್ಕಿದ್ದು ಮೀನಿನ ತೊಟ್ಟಿಯ ಜಲ್ಲಿಯಲ್ಲಿ ಎಂಬುದು ನಮಗಂತೂ ಬಹಳ ಹಿಡಿಸಿತು.

ಸರಿ, ನಮ್ಮ ತೊಟ್ಟಿಗೆ ಬರೋಣ. ಮೀನಿಲ್ಲದೆ ಈ ಜೀವಿಗಳಿಗೆ ಊಟ ಹಾಕುವುದು ಹೇಗೆ? ಹಿಂದೆ ಗಟ್ಟಿ ಜಾತಿಯ ಡ್ಯಾಮ್ಸೆಲ್ ಮೀನನ್ನೇ ಬಿಟ್ಟು, ಸತ್ತರೆ ಸಾಯಲಿ ಎಂದು ತೊಟ್ಟಿ ಹದ ಮಾಡುತ್ತಿದ್ದರು. ಈಗಲೂ ಹಾಗೆ ಹೇಳಿಕೊಡುವವರಿದ್ದಾರೆ. ಮೂರು ಮೀನು ಹೂತ ಮೇಲೆ ಅದು ನಮ್ಮಿಂದಾಗುವಂತಿರಲಿಲ್ಲ. ನಾವು ಹಾಕಿದ್ದು ಅಮೋನಿಯಂ ಕ್ಲೋರೈಡು, ಅಂದರೆ ನವಸಾಗರ. ಊರಿನಲ್ಲಿ ಕಲಾಯಿಯವನು ಕಾದ ಪಾತ್ರೆಯ ಮೇಲೆ ಉದುರಿಸಿ ಅರಳೆಯಿಂದ ಉಜ್ಜುವಾಗ ಬಿಳಿ ಹೊಗೆ ಎಬ್ಬಿಸುತ್ತಿದ್ದ ಆ ಪುಡಿಯೇ. ಕಲಾಯಿಯದು ಶುದ್ಧವಿರುವುದಿಲ್ಲ, ತೊಟ್ಟಿಗೆ ಬೇಡ. ಶುದ್ಧವಾದದ್ದನ್ನು ದುಡ್ಡು ಕೊಟ್ಟೇ ತರಿಸಿದೆವು. (ಪ್ರಯೋಗಾಲಯದಿಂದ ಎತ್ತಿಕೊಂಡು ಬಂದಿರೆಂದು ಸ್ನೇಹಿತರು ತಮಾಷೆ ಮಾಡುತ್ತಾರೆ. ಅಲ್ಲ.) ಹಳೆಯ ನೀರು ಚೆಲ್ಲಿ ಹೊಸ ಉಪ್ಪುನೀರು ತುಂಬಿ, ಇನ್ನೂರು ಲೀಟರಿಗೆ ಒಂದೂಕಾಲು ಗ್ರಾಂ ಕರಗಿಸಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯ. ಮೀನನ್ನು ಕೊಂದಷ್ಟೇ ಪ್ರಮಾಣ, ಈ ಸಲ ಸಾಯುವವರಿಲ್ಲ. ದಿನಾ ರಾತ್ರಿ ಪರೀಕ್ಷೆ ಮಾಡಿ, ಬಂದ ಬಣ್ಣವನ್ನು ಮಗ ಗೋಡೆಯ ಮೇಲಿನ ಚೌಕುಳಿ ಹಾಳೆಯಲ್ಲಿ ತುಂಬಬೇಕು ಎಂದು ಒಪ್ಪಂದವಾಯಿತು.

ಹತ್ತು ದಿನ ಹಾಳೆಯಲ್ಲಿ ಹತ್ತು ಹಸಿರು ಚೌಕ. ಎರಡು ಮಿಲಿಗ್ರಾಂ ಎರಡೇ ಆಗಿ ಕುಳಿತಿತ್ತು. ತಾಲೀಮಿಗೆ ಬಂದವರ "ಮೀನೆಲ್ಲಿ?" ಆಗ ಜೋರಾಗಿತ್ತು. ಎದುರು ಮನೆಯ ಕುಂದಾಪುರದ ದಂಪತಿ, ತರುವುದಾದರೆ ಬಂಗುಡೆಯನ್ನೇ ತನ್ನಿ, ಕಷ್ಟ ಸುಖಕ್ಕಾಗುತ್ತದೆ ಎಂದು ಸಲಹೆ ಕೊಟ್ಟು ಹೋದರು. ಅತ್ತೆಯವರು ಒಂದು ಸಂಜೆ ಹತ್ತಿಬತ್ತಿ ಹೊಸೆಯುತ್ತ ಕೂತವರು, "ಅಲ್ವೇ, ಇಷ್ಟು ದೊಡ್ಡ ಭರಣೀಲಿ ಉಪ್ಪುನೀರು ಮಾಡಿಟ್ಟಿದೀಯ, ಮಾವಿನ ಮಿಡಿನಾದ್ರೂ ಹಾಕಬಾರದಾ?" ಎಂದರು. ಸೂಕ್ಷ್ಮಜೀವಿ ಬೆಳೆಯಲಿ ಎಂದು ಕಾಯುತ್ತಿದ್ದೇವೆ ಎಂದೆವು. ಬತ್ತಿ ಹೊಸೆಯುವುದು ನಿಲ್ಲಿಸಿ ಅವರು ಕೇಳಿದ್ದು ಇದು: "ಹೆಪ್ಪು ಹಾಕಿದೀಯೇನೇ? ಹಾಲು ಕಾಸಿ ಆರಿಸಿಟ್ಟರೆ ತಾನಾಗೇ ಮೊಸರಾಗತ್ತಾ? ಪಕ್ಕದ ಮನೇಲಿ ಒಂದು ಚಮಚ ಇಸ್ಕೊಂಡು ಬರಬೇಕಪ್ಪ."

ಷ್ಲೊಸಿಂಗ್‌ನ ತೋಟದ ಮಣ್ಣಿನ ನೀರು ನಮಗೆ ಪುಸ್ತಕದಲ್ಲಿ ಗೊತ್ತಿತ್ತು; ಕೈಗೆ ಬಂದಿರಲಿಲ್ಲ. ಆ ಶನಿವಾರವೇ ಮುಸಫ್ಫದ ಸ್ನೇಹಿತರ ಮನೆಗೆ ಹೋಗಿ ಅವರ ತೊಟ್ಟಿಯ ಮರಳು ಎರಡು ಹಿಡಿ, ಫಿಲ್ಟರಿನ ಸ್ಪಂಜಿನ ಒಂದು ತುಂಡು ಬೇಡಿ ತಂದೆವು. ತಂದದ್ದು ಟಿಫಿನ್ ಡಬ್ಬಿಯಲ್ಲಿ, ಅವರದೇ ತೊಟ್ಟಿಯ ನೀರು ಮುಳುಗುವಷ್ಟು ಹಾಕಿಕೊಂಡು, ಕಾರಿನ ಏಸಿಯಲ್ಲಿ. ಬೇಗ ತರಬೇಕು, ಮುಚ್ಚಿದ ಡಬ್ಬಿಯಲ್ಲಿ ಆಮ್ಲಜನಕ ಮುಗಿದರೆ, ಇಲ್ಲವೇ ಬಿಸಿಲಿಗೆ ಕಾದರೆ, ಹೆಪ್ಪು ಕೆಟ್ಟಂತೆಯೇ. ಅವರ ಮೀನಿಗೆ ಹಿಂದಿನ ತಿಂಗಳುಗಳಲ್ಲಿ ರೋಗವೇನೂ ಬಂದಿಲ್ಲವೆಂದು ಕೇಳಿ ಖಚಿತ ಮಾಡಿಕೊಂಡೆವು. ಮರಳಿನ ಜೊತೆ ರೋಗವೂ ಬರಬಹುದಲ್ಲ.

ಇಲ್ಲೊಂದು ಮಾತು. ಹೆಪ್ಪು ಬೇಕೆಂದು ಯಾರೂ ಕಡಲ ದಂಡೆಗೆ ಹೋಗಿ ಹವಳದ ಕಲ್ಲು ಎತ್ತಿಕೊಂಡು ಬರಬೇಡಿ. ಈ ದೇಶದ ಕಾನೂನು ಹವಳ ಸಂಗ್ರಹವನ್ನು ನಿಷೇಧಿಸಿದೆ. ರಜೆಯಲ್ಲಿ ಮುರ್ಡೇಶ್ವರಕ್ಕೆ ಹೋದಾಗಲೂ ಆ ಆಸೆ ಬೇಡ. ಭಾರತದಲ್ಲಿ 2001ರಿಂದ ಹವಳಕ್ಕೆ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಇನ್ನು ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯ. ಅದು ಮೋಸವೆಂದು ನಾವು ಹೇಳುವುದಿಲ್ಲ, ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಜುಲೈ ತಿಂಗಳಲ್ಲಿ ಯಾವ ಲಾರಿಯಲ್ಲಿ, ಯಾವ ಗೋದಾಮಿನಲ್ಲಿ ಎಷ್ಟು ದಿನ ಕುದಿದು ಬಂದಿದೆಯೋ ಬಾಟಲಿ ಹೇಳುವುದಿಲ್ಲ. ಸ್ನೇಹಿತರ ಮರಳು ನಮಗೆ ಹೆಚ್ಚು ನಂಬಿಕೆಯದು.

ಹೆಪ್ಪು ಹಾಕಿದ್ದು ಹನ್ನೊಂದನೆಯ ದಿನ. ಹದಿನೈದನೆಯ ದಿನ ನೈಟ್ರೈಟ್ ಕಿಟ್ಟಿನಲ್ಲಿ ಮೊದಲ ಸಲ ನಸುಗುಲಾಬಿ ಕಂಡಿತು. ಮಗ ಮನೆಯೆಲ್ಲ ಕೂಗಿಕೊಂಡು ಓಡಾಡಿದ. ಇಪ್ಪತ್ತೊಂದಕ್ಕೆ ಅಮೋನಿಯ ಶೂನ್ಯ, ಹಾಳೆಯಲ್ಲಿ ಹಳದಿ. ಇಲ್ಲಿ ಮೋಸಹೋಗುವವರು ಬಹಳ. ಅಮೋನಿಯ ಹೋಯಿತು, ಇನ್ನು ಮೀನು ತರೋಣ ಎಂದರು ನಮ್ಮವರು. ಆದರೆ ಎರಡನೆಯ ತಂಡದವರು ಮೊದಲನೆಯವರು ಬಡಿಸಿದ ಮೇಲೆ ತಾನೆ ಊಟಕ್ಕೆ ಕೂರುವುದು. ಊಟ ನಿಲ್ಲಬಾರದೆಂದು ನಾವು ನವಸಾಗರವನ್ನು ಅರ್ಧ ಅಳತೆಯಲ್ಲಿ ಎರಡು ಸಲ ಹಾಕಿದೆವು. ನೈಟ್ರೈಟ್ ಕಡುಗುಲಾಬಿಯಾಗಿ ಅಳತೆ ಮೀರಿತು. ಕಿಟ್ಟಿನ ಬಣ್ಣಪಟ್ಟಿ 5 ಮಿಲಿಗ್ರಾಮಿಗೇ ಮುಗಿಯುತ್ತದೆ, ನಮ್ಮ ಲೆಕ್ಕ ಹತ್ತರ ಹತ್ತಿರವಿತ್ತು. ಸಮುದ್ರದ ನೀರಿನಲ್ಲಿ ಕ್ಲೋರೈಡು ಹೇರಳವಾಗಿರುವುದರಿಂದ ನೈಟ್ರೈಟ್ ಕಿವಿರಿನೊಳಗೆ ಸುಲಭವಾಗಿ ಹೋಗದು. ಸಿಹಿನೀರಿನಲ್ಲಿ ರಕ್ತವನ್ನೇ ಕಂದಾಗಿಸುವ ಈ ವಿಷ ಇಲ್ಲಿ ಅಷ್ಟು ಘೋರವಲ್ಲ. ಆದರೂ ಅರ್ಧ ಕಟ್ಟಿದ ಮನೆಗೆ ಗೃಹಪ್ರವೇಶ ಬೇಡವೆಂದು ನಾವು ಕಾದೆವು. ಈ ಅವಧಿಯಲ್ಲಿ ನೈಟ್ರೇಟ್ ಕಿಟ್ಟನ್ನು ನಂಬಬೇಡಿ. ಅದು ನೈಟ್ರೇಟನ್ನು ನೈಟ್ರೈಟಾಗಿ ಮಾಡಿಯೇ ಬಣ್ಣ ತೋರಿಸುವುದರಿಂದ, ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ಸುಳ್ಳು ಹೇಳುತ್ತದೆ.

ಮೂವತ್ತಾರನೆಯ ದಿನ ಗುಲಾಬಿ ಮಾಯವಾಯಿತು. ಮೂವತ್ತೇಳರ ಸಂಜೆ ಪೂರ್ತಿ ಅಳತೆ, ಲೀಟರಿಗೆ 2 ಮಿಲಿಗ್ರಾಂ ಅಮೋನಿಯ ಹಾಕಿದೆವು. ಮರುದಿನ ಸಂಜೆ ಅದೇ ಹೊತ್ತಿಗೆ ನೋಡಿದರೆ ಅಮೋನಿಯವೂ ಇಲ್ಲ, ನೈಟ್ರೈಟೂ ಇಲ್ಲ. ಇದೇ ನಿಜವಾದ ಪರೀಕ್ಷೆ. ಒಟ್ಟು ಹಾಕಿದ್ದು 6 ಮಿಲಿಗ್ರಾಂ; ಲೆಕ್ಕದ ಪ್ರಕಾರ ನೈಟ್ರೇಟ್ 22 ಬರಬೇಕು. ಕಿಟ್ಟಿನ ಬಣ್ಣ 20ಕ್ಕೂ 40ಕ್ಕೂ ನಡುವೆ ಎಲ್ಲೋ ಇತ್ತು. ಮನೆಯ ಕಿಟ್ಟಿನಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಅನ್ಯಾಯ. ಈ ನೈಟ್ರೇಟು ಹಳೆಯ ಕಾಲದವರಿಗೆ ಹೊಸದಲ್ಲ. ದನದ ಗಂಜಲ ನೆನೆದ ಮಣ್ಣಿನಿಂದ ಪೆಟ್ಲುಪ್ಪು ತೆಗೆದು ಮದ್ದಿನಪುಡಿ ಮಾಡುತ್ತಿದ್ದರಲ್ಲ, ಆ ಪೆಟ್ಲುಪ್ಪು ಎಂದರೆ ಇದೇ ಕುಲದ ಜೀವಿಗಳು ಮಾಡಿಕೊಟ್ಟ ನೈಟ್ರೇಟು. ತೊಟ್ಟಿಯಲ್ಲಿ ಅದು ಅಮೋನಿಯದಷ್ಟು ಕೆಟ್ಟದ್ದಲ್ಲ. ನೀರು ಬದಲಾಯಿಸುತ್ತ ಇಳಿಸಿಕೊಂಡರಾಯಿತು.

ಅರ್ಧ ನೀರು ಬದಲಿಸಿ, ತೊಟ್ಟಿಯಲ್ಲೇ ಮರಿಯಾಗಿ ಬೆಳೆದ ಒಂದು ಜೋಡಿ ಕ್ಲೌನ್ ತಂದೆವು. ಮುಂದಿನದು ಮೂರು ವಾರದ ಮೇಲೆ. ಅತ್ತೆಯವರು ಊರಿಗೆ ಹೊರಡುವ ಹಿಂದಿನ ದಿನ ತೊಟ್ಟಿಯ ಮುಂದೆ ಕುಂಕುಮದ ಬೊಟ್ಟು ಇಟ್ಟರು. ಅದು ಇನ್ನೂ ಇದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ದೊಣ್ಣೆ ಬಂದದ್ದು ಫೆಬ್ರವರಿಯಲ್ಲಿ. ನೆಂಟರು ಬರುತ್ತಾರೆಂದು ನಮ್ಮವರು ಉತ್ಸಾಹದಿಂದ ಫಿಲ್ಟರು ಬಿಚ್ಚಿ, ಸ್ಪಂಜನ್ನೂ ಪಿಂಗಾಣಿ ಬಿಲ್ಲೆಗಳನ್ನೂ ನಲ್ಲಿಯ ಕೆಳಗೆ ಹಿಡಿದು ಬೆಳ್ಳಗೆ ತೊಳೆದಿಟ್ಟರು. ಆ ಕಂದು ಲೋಳೆಯನ್ನು ಕಂಡರೆ ಯಾರಿಗೂ ಹಾಗೆ ಅನ್ನಿಸುವುದು ಸಹಜ; ಮೂವತ್ತೆಂಟು ದಿನದ ಸಂಪಾದನೆ ಅದೇ ಎಂದು ಅದರ ಮೇಲೆ ಬರೆದಿರುವುದಿಲ್ಲ. ನಮ್ಮನ್ನು ರೋಗಗಳಿಂದ ಕಾಯಲು ನಲ್ಲಿನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದು ಒಳ್ಳೆಯ ಜೀವಿ ಕೆಟ್ಟ ಜೀವಿ ಎಂದು ನೋಡುವುದಿಲ್ಲ. ಮೂರನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯತೊಡಗಿದವು. ಅಮೋನಿಯ ಅರ್ಧ ಮಿಲಿಗ್ರಾಂ. ಆಹಾರ ನಿಲ್ಲಿಸಿ, ದಿನಬಿಟ್ಟು ದಿನ ನೀರು ಬದಲಿಸಿದೆವು. ಮರಳಿನಲ್ಲೂ ಕಲ್ಲಿನಲ್ಲೂ ಉಳಿದಿದ್ದ ಒಕ್ಕಲು ಒಂದು ವಾರದಲ್ಲಿ ಮನೆ ತುಂಬಿಕೊಂಡಿತು. ಅಂದಿನಿಂದ ಸ್ಪಂಜು ತೊಳೆಯುವುದು ತೊಟ್ಟಿಯಿಂದಲೇ ತೆಗೆದ ಬಕೆಟ್ಟು ನೀರಿನಲ್ಲಿ, ಅದೂ ಎರಡು ಸಲ ಹಿಂಡಿ ಬಿಡುವಷ್ಟು. ತೊಳೆದವರ ಮೇಲೆ ನಾವು ಸಿಟ್ಟಾಗಲಿಲ್ಲ ಎಂದು ಬರೆಯಬೇಕೆಂದು ಅವರ ಕೋರಿಕೆ. ಬರೆದಿದ್ದೇವೆ.

ಬೇಸಿಗೆಯ ಚಿಂತೆ ಇಲ್ಲಿಯವರಿಗೆಲ್ಲ ಇದ್ದದ್ದೇ. ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುವ ದಿನಗಳಲ್ಲಿ ಶಾಲೆಗೆ ರಜೆ, ನಮಗೆ ಊರು. ನಲವತ್ತೈದು ದಿನ ಮನೆ ಮುಚ್ಚಿದರೆ ತೊಟ್ಟಿಯ ಗತಿ? ಏಸಿ ಆರಿಸಿ ಹೋದರೆ ನೀರು ಕಾಯುತ್ತದೆ, ಕಾದ ಉಪ್ಪುನೀರಿನಲ್ಲಿ ಆಮ್ಲಜನಕ ನಿಲ್ಲುವುದಿಲ್ಲ. ಮೀನಿಗೂ ಬೇಕು, ಬ್ಯಾಕ್ಟೀರಿಯಕ್ಕೂ ಬೇಕು. ಆದ್ದರಿಂದ ನಡುಮನೆಯ ಏಸಿ ಒಂದನ್ನು 26 ಡಿಗ್ರಿಗೆ ಬಿಟ್ಟು ಹೋದೆವು. ಆ ಖರ್ಚಿಗೆ ಸಿದ್ಧರಿಲ್ಲದವರು ಉಪ್ಪುನೀರಿನ ತೊಟ್ಟಿ ತರದಿರುವುದೇ ಲೇಸು. ಕರೆಂಟು ಟ್ರಿಪ್ ಆದರೆಂದು ಬ್ಯಾಟರಿಯ ಗಾಳಿಪಂಪೊಂದನ್ನು ಕಟ್ಟಿದೆವು. ಕೀಲಿಕೈ ಎದುರು ಮನೆಯ ಕುಂದಾಪುರದವರ ಕೈಗೆ ಕೊಟ್ಟು, ಒಂದೇ ಮಾತು ಹೇಳಿದೆವು: ಫಿಲ್ಟರು ಗಂಟೆಗಟ್ಟಲೆ ನಿಂತುಹೋಗಿದ್ದು ಕಂಡರೆ ಹಾಗೆಯೇ ಹಚ್ಚಬೇಡಿ. ಮುಚ್ಚಿದ ಡಬ್ಬದೊಳಗೆ ಉಸಿರುಕಟ್ಟಿ ಸತ್ತ ಒಕ್ಕಲಿನ ಕೊಳಕೆಲ್ಲ ಒಂದೇ ಸಲ ತೊಟ್ಟಿಗೆ ಬರುತ್ತದೆ. ಮೊದಲು ಬಿಚ್ಚಿ ಹಳೆಯ ನೀರು ಚೆಲ್ಲಿ, ಆಮೇಲೆ ಹಚ್ಚಿ.

ಆಹಾರದ ವಿಷಯದಲ್ಲಿ ಯಾರ ಪ್ರೀತಿಯನ್ನೂ ನಂಬಬಾರದೆಂದು ನಾವು ಕಲಿತಿದ್ದೆವು. ಮಗನೇ ಕೂತು, ದಿನಬಿಟ್ಟು ದಿನಕ್ಕೊಂದರಂತೆ ಇಪ್ಪತ್ತೆರಡು ಕಾಗದದ ಪೊಟ್ಟಣ ಕಟ್ಟಿ ತಾರೀಖು ಬರೆದ. ಒಂದೊಂದರಲ್ಲಿ ಕಾಲು ಗ್ರಾಂ. ಉಳಿದ ಆಹಾರದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ನೀರು ಆರಿದಂತೆ ಉಪ್ಪು ಆರುವುದಿಲ್ಲವಾದ್ದರಿಂದ, ಗಾಜಿನ ಮೇಲೆ ಗೆರೆ ಎಳೆದು, ಅಲ್ಲಿಯವರೆಗೆ ಸೋಸಿದ ಸಿಹಿನೀರನ್ನೇ ಸುರಿಯಲು ಹೇಳಿದ್ದೆವು.

ಆಗಸ್ಟ್ ಕೊನೆಯಲ್ಲಿ ರಾತ್ರಿ ಎರಡು ಗಂಟೆಗೆ ವಿಮಾನ ನಿಲ್ದಾಣದಿಂದ ಬಂದು, ಸೂಟ್‌ಕೇಸು ಬಾಗಿಲಲ್ಲೇ ಬಿಟ್ಟು ಮಗ ಓಡಿದ್ದು ತೊಟ್ಟಿಯ ಬಳಿಗೆ. ಮೀನುಗಳು ಮೂರೂ ಇದ್ದವು. ಅಮೋನಿಯ ಹಳದಿ. ಪಕ್ಕದಲ್ಲಿ ಒಂದು ಪೊಟ್ಟಣ ಮಾತ್ರ ಉಳಿದಿತ್ತು, ಆಗಸ್ಟ್ 11ರದು. ಆ ದಿನ ಮರೆತಿದ್ದೆವೆಂದು ಎದುರು ಮನೆಯವರು ಮರುದಿನ ಬಹಳ ನೊಂದುಕೊಂಡರು. ಮರೆತದ್ದೇ ಒಳ್ಳೆಯದಾಯಿತು ಎಂದು ನಾವು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಿಲ್ಲ. ಈಗ ಅವರ ಮಗಳಿಗೂ ತೊಟ್ಟಿ ಬೇಕಂತೆ.

ನಮ್ಮ ಮರಳಿನಿಂದ ಇದುವರೆಗೆ ಎರಡು ಮನೆಗೆ ಹೆಪ್ಪು ಹೋಗಿದೆ, ಮೂರನೆಯದು ಎದುರು ಮನೆಗೆ. ಬೇಕಾದ ಸದಸ್ಯ ಬಂಧುಗಳು ಶನಿವಾರ ಸಂಜೆ ಮುಚ್ಚಳವಿರುವ ಡಬ್ಬಿ ತೆಗೆದುಕೊಂಡು ಬನ್ನಿ. ಮೊದಲು ತೊಟ್ಟಿಯಲ್ಲಿ ಉಪ್ಪುನೀರು ಸಿದ್ಧವಿರಬೇಕು, ಮೀನು ಇರಬಾರದು. ಇಲ್ಲಿಂದ ಹೊರಟವರು ದಾರಿಯಲ್ಲಿ ಸಾಮಾನು ಕೊಳ್ಳಲು ಎಲ್ಲೂ ನಿಲ್ಲದೆ ನೇರ ಮನೆಗೆ ಹೋಗಬೇಕು. ಚಹಾ ನಮ್ಮಲ್ಲೇ ಕುಡಿಯಬಹುದು, ಡಬ್ಬಿ ತುಂಬುವ ಮುಂಚೆ.